ಕೊಂದವನ ಕಥನ

ಕೊಲೆ ಮಾಡಿದವನ ಅಂತಃಸಾಕ್ಷಿಯು ಒಂದಲ್ಲ ಒಂದು ದಿನ ತಾನಾಗಿಯೇ ಬಾಯ್ಬಿಡುತ್ತದೆಂಬ ನಂಬಿಕೆಯು ಬಹು ಪುರಾತನವಾದುದು. ಆದರೆ ಆ ನಂಬಿಕೆಗೆ ಸಣ್ಣಕಥೆಯ ಆಕಾರವನ್ನು ಕೊಟ್ಟು, ಕೊಂದವನ ಬಾಯಿಂದಲೇ ವೃತ್ತಾಂತವನ್ನೆಲ್ಲ ಹೇಳಿಸಿ, ಓದುಗನನ್ನು ಅವನ ಎದೆಬಡಿತ ಕೇಳುವಷ್ಟು ಸಮೀಪಕ್ಕೆ ತಂದು ಕೂರಿಸಿದ ಕೀರ್ತಿಯು ಬಹುಮಟ್ಟಿಗೆ ಅಮೆರಿಕದ ಎಡ್ಗರ್ ಅಲನ್ ಪೋನಿಗೆ ಸಲ್ಲತಕ್ಕದ್ದು. 1843ರಲ್ಲಿ ಪ್ರಕಟವಾದ ‘ದಿ ಟೆಲ್-ಟೇಲ್ ಹಾರ್ಟ್’ ಕಥೆಯ ನಿರೂಪಕನು, ನೆಲದ ಹಲಗೆಗಳ ಕೆಳಗೆ ತಾನು ಹುದುಗಿಸಿಟ್ಟ ಮುದುಕನ ಹೃದಯವು ಮಿಡಿಯುವ ಸದ್ದನ್ನು ತಾಳಲಾರದೆ, ಪೊಲೀಸರೆದುರಿನಲ್ಲಿ ಕಿರುಚಿ ತಪ್ಪೊಪ್ಪಿಕೊಳ್ಳುತ್ತಾನೆ. ಅದೇ ವರ್ಷದ ‘ದಿ ಬ್ಲ್ಯಾಕ್ ಕ್ಯಾಟ್’ನಲ್ಲಿ ಗೋಡೆಯೊಳಗಿನಿಂದ ಬೆಕ್ಕು ಕೂಗಿ, ಅಲ್ಲಿ ಮುಚ್ಚಿಟ್ಟಿದ್ದ ಹೆಂಡತಿಯ ಶವವನ್ನು ತೋರಿಸಿಕೊಡುತ್ತದೆ. ಪಾಪವನ್ನು ಬಚ್ಚಿಡಲಾಗದೆಂಬ ನೀತಿಯನ್ನು ಈ ಕಥೆಗಳಿಂದ ಹೆಕ್ಕಿ ಹೇಳುವುದು ಅಧ್ಯಾಪಕರ ವಾಡಿಕೆಯಾಗಿದೆ. ಆ ವಾಡಿಕೆಯ ವ್ಯಾಖ್ಯಾನವು ನನಗೆ ಒಪ್ಪಿಗೆಯಾಗದು.

ಕಥೆಯನ್ನು ನಿಧಾನವಾಗಿ ಓದಿದವರಿಗೆ ಅಲ್ಲಿ ಎದ್ದು ಕಾಣುವುದು ಪಶ್ಚಾತ್ತಾಪವಲ್ಲ, ಹೆಮ್ಮೆ. ಏಳು ರಾತ್ರಿಗಳ ಕಾಲ ಲಾಂದ್ರದ ಕದವನ್ನು ತಾನೆಷ್ಟು ನಾಜೂಕಾಗಿ ಸರಿಸಿದೆನೆಂಬುದನ್ನೂ, ಬಾಗಿಲ ಸಂದಿನಲ್ಲಿ ತಲೆ ತೂರಿಸಲು ಒಂದು ತಾಸನ್ನೇ ತೆಗೆದುಕೊಂಡೆನೆಂಬುದನ್ನೂ ನಿರೂಪಕನು ಕುಶಲಕರ್ಮಿಯ ಅಭಿಮಾನದಿಂದ ವರ್ಣಿಸುತ್ತಾನೆ. ಶೋಧಕ್ಕೆ ಬಂದ ಪೊಲೀಸರಿಗೆ ಅದೇ ಕೋಣೆಯಲ್ಲಿ ಕುರ್ಚಿ ತಂದುಕೊಟ್ಟು, ತನ್ನ ಕುರ್ಚಿಯನ್ನು ಮಾತ್ರ ಶವದ ಮೇಲಣ ಹಲಗೆಯ ಮೇಲೆಯೇ ಹಾಕಿಕೊಳ್ಳುತ್ತಾನೆ. ಎರಡನೆಯ ಕಥೆಯವನಂತೂ ಬರಿಗೈಯಲ್ಲಿ ಹಿಂದಿರುಗಲಿದ್ದ ಪೊಲೀಸರನ್ನು ತಾನಾಗಿಯೇ ತಡೆದು ನಿಲ್ಲಿಸಿ, ಗೋಡೆಗಳ ಗಟ್ಟಿತನವನ್ನು ಹೊಗಳುತ್ತ, ಶವವಿದ್ದ ಕಡೆಯೇ ಬೆತ್ತದಿಂದ ಬಡಿಯುತ್ತಾನೆ. ತನ್ನ ಚಾತುರ್ಯಕ್ಕೆ ಪ್ರೇಕ್ಷಕರಿಲ್ಲವೆಂಬ ಕೊರಗೇ ಇವರನ್ನು ಮಾತಾಡಿಸಿದ್ದೆಂದು ಹೇಳಿದರೆ ತಪ್ಪಾಗಲಾರದು. ಇಷ್ಟೆಲ್ಲ ಮಾತಾಡುವವರು ಸತ್ತವರ ವಿಷಯದಲ್ಲಿ ತೀರ ಮಿತಭಾಷಿಗಳು: ಮುದುಕನಿಗೊಂದು ಹೆಸರಿಲ್ಲ, ಬೆಕ್ಕಿನ ಕಥೆಯಲ್ಲಿ ಮೊದಲು ಸತ್ತ ಬೆಕ್ಕಿಗೆ ಪ್ಲೂಟೊ ಎಂಬ ಹೆಸರುಂಟು, ಹೆಂಡತಿಗೆ ಮಾತ್ರ ಇಲ್ಲ.

ಕಥೆಯನ್ನು ಬಿಟ್ಟು ಲೋಕದ ಕಡೆಗೆ ತಿರುಗೋಣ. ಪುಣೆಯ ಸ್ವಾರಗೇಟದಲ್ಲಿ ಬಸ್ಸಿಳಿದು ಸಾರಸಬಾಗಿನತ್ತ ಹೆಜ್ಜೆ ಹಾಕಿದವರಿಗೆ, ಗಣಪತಿಯ ಗುಡಿಗೆ ಸಮೀಪದಲ್ಲಿಯೇ, ಒಂದು ಕಾಲಕ್ಕೆ ಮೃಗಾಲಯವಿದ್ದ ಪೇಶವೆ ಉದ್ಯಾನ ಸಿಕ್ಕುತ್ತದೆ. ಸ್ವಾರಗೇಟಕ್ಕೇ ಬಂದು ಮುಟ್ಟುವ ತಿಲಕ ರಸ್ತೆಯ ಅಭಿನವ ಕಲಾ ಮಹಾವಿದ್ಯಾಲಯದ ಕೆಲವರು ವಿದ್ಯಾರ್ಥಿಗಳು 1976ರ ಜನವರಿಯ ನಡುವಿನಲ್ಲಿ ತಮ್ಮ ಸಹಪಾಠಿಯೊಬ್ಬನನ್ನು ಈ ಉದ್ಯಾನಕ್ಕೆ ಕರೆತಂದು, ನೈಲಾನ್ ಹಗ್ಗದಿಂದ ಕೊರಳು ಬಿಗಿದು ಕೊಂದು, ದೇಹವನ್ನು ಕಬ್ಬಿಣದ ಪೀಪಾಯಿಯಲ್ಲಿ ತುಂಬಿ ಇಲ್ಲಿಯ ಕೊಳಕ್ಕೆ ತಳ್ಳಿದರು. ಸತ್ತವನು ಪ್ರಕಾಶ ಹೆಗ್ಡೆ. ಅವನ ತಂದೆ ಕಾಲೇಜಿನ ಹಿಂಬದಿಯಲ್ಲಿ ಉಪಾಹಾರಗೃಹ ನಡೆಸುತ್ತಿದ್ದರು. ಹೆಗ್ಡೆ ಎಂಬ ಹೆಸರೂ ಹೋಟೆಲಿನ ಕಸುಬೂ ಒಟ್ಟಿಗೆ ಕಿವಿಗೆ ಬಿದ್ದರೆ ಕನ್ನಡಿಗನಿಗೆ ನಮ್ಮ ಕರಾವಳಿ ನೆನಪಾಗದೆ ಇರದು. ಕೊಲ್ಲುವ ಮುನ್ನ, ತಾನು ಮನೆ ಬಿಟ್ಟು ಹೋಗುತ್ತಿರುವುದಾಗಿ ತಂದೆಗೊಂದು ಪತ್ರವನ್ನು ಅವನ ಕೈಯಿಂದಲೇ ಬಲವಂತವಾಗಿ ಬರೆಯಿಸಿದ್ದರು. ಪೋನ ಕಲ್ಪನೆಗೂ ಹೊಳೆಯದ ಸಂಗತಿಯಿದು: ಈ ಪ್ರಕರಣದಲ್ಲಿ ‘ನಾನು’ ಎಂದು ಬರೆದ ಮೊದಲನೆಯವನು ಕೊಂದವನಲ್ಲ, ಕೊಲೆಯಾಗಲಿದ್ದವನು, ಬರೆದ ಕೈ ಅವನದು, ಕಥೆ ಅವರದು. ಮರುದಿನ ಹಣ ಕೇಳುವ ಪತ್ರವೂ ತಂದೆಗೆ ಹೋಯಿತು.

ಆಮೇಲೆ ಒಂಬತ್ತು ತಿಂಗಳಿಗೂ ಮಿಕ್ಕು ಕಾಲ ಆ ತರುಣರು ಊರಿನಲ್ಲಿ ಎಲ್ಲರಂತೆ ಓಡಾಡಿಕೊಂಡಿದ್ದರು. ಅವರ ಎದೆ ಬಡಿದುಕೊಳ್ಳಲಿಲ್ಲವೆನ್ನಲು ನಾನು ಯಾರು? ಬಡಿದುಕೊಂಡಿದ್ದರೂ ಅದು ಬಾಯಿ ತೆರೆಯಿಸಲಿಲ್ಲ, ಕೈಯನ್ನೂ ತಡೆಯಲಿಲ್ಲ. ಅಕ್ಟೋಬರ್ 31ರಂದು ಜೋಶಿ ಕುಟುಂಬದ ಮೂವರು, ಡಿಸೆಂಬರ್ 1ರಂದು ಸಂಸ್ಕೃತ ವ್ಯಾಕರಣದ ಕೋಶವನ್ನು ರಚಿಸಿದ ಕಾಶೀನಾಥ ಶಾಸ್ತ್ರಿ ಅಭ್ಯಂಕರರೂ ಸೇರಿ ಅವರ ಮನೆಯಲ್ಲಿ ಐವರು, 1977ರ ಮಾರ್ಚಿನಲ್ಲಿ ಮತ್ತೊಬ್ಬ ಪರಿಚಿತ ಯುವಕ, ಹೀಗೆ ಒಟ್ಟು ಹತ್ತು ಮಂದಿ ಹತರಾದರು. ಕತ್ತಲಾದ ಮೇಲೆ ಪುಣೆಯ ಬೀದಿಗಳು ಬರಿದಾದವು. ಕೊನೆಗೆ ಬೇಗೆ ತಾಳಲಾರದೆ ಠಾಣೆಯ ಮೆಟ್ಟಿಲು ಹತ್ತಿದವರು ಇವರಲ್ಲಿ ಯಾರೂ ಇಲ್ಲ. ಏಣಿಗೆ ಕಟ್ಟಿ ನದಿಗೆ ಎಸೆದಿದ್ದ ಕಡೆಯ ಹೆಣವು ತೇಲಿತು. ವಿಚಾರಣೆಯಲ್ಲಿ ಒಬ್ಬನ ಹೇಳಿಕೆಗೂ ಇನ್ನೊಬ್ಬನದಕ್ಕೂ ತಾಳೆಯಾಗಲಿಲ್ಲ. ಮೊದಲ ಕೊಲೆಯಲ್ಲಿ ಜೊತೆಗಿದ್ದ ಸಹಪಾಠಿಯೊಬ್ಬನು ಮಾಫಿ ಸಾಕ್ಷಿಯಾದನು. ಪೇಶವೆ ಉದ್ಯಾನದ ಕೊಳದ ಪೀಪಾಯಿಯು ಮೇಲಕ್ಕೆ ಬಂದದ್ದು ಆಗ.

ನಮ್ಮ ಕಾನೂನು ಕೊಂದವನ ಕಥನವನ್ನು ಎಷ್ಟು ಅಪನಂಬಿಕೆಯಿಂದ ಕಾಣುತ್ತಿತ್ತೆಂಬುದು ಇಲ್ಲಿ ಗಮನಾರ್ಹ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿರಲಿಲ್ಲ. 27ನೆಯ ಕಲಮು ಅದರಲ್ಲಿ ಯಾವ ಭಾಗದಿಂದ ಒಂದು ವಸ್ತುವೋ ಸಂಗತಿಯೋ ನಿಜವಾಗಿ ಪತ್ತೆಯಾಯಿತೋ ಅಷ್ಟನ್ನು ಮಾತ್ರ ಒಳಗೆ ಬಿಡುತ್ತಿತ್ತು. ಮಾಫಿ ಸಾಕ್ಷಿಯ ಮಾತಿಗೂ ಬೇರೆ ಆಧಾರದ ಬೆಂಬಲವಿರಬೇಕೆಂದು ನ್ಯಾಯಾಲಯಗಳು ಬಯಸುತ್ತವೆ. ಪೋನ ಕಥೆಯು ಈ ನ್ಯಾಯಾಲಯಕ್ಕೆ ಬಂದಿದ್ದರೆ, ಹೃದಯದ ಸದ್ದನ್ನೂ ಉನ್ಮಾದವನ್ನೂ ಕುರಿತ ಭಾಗವೆಲ್ಲ ಕಡತದಿಂದ ಹೊರಬಿದ್ದು, ಹಲಗೆ ಎತ್ತಿ ನೋಡಿರೆಂಬ ಒಂದು ಮಾತು ಮಾತ್ರ ಉಳಿಯುತ್ತಿತ್ತು. ಸಾಹಿತ್ಯದ ದೃಷ್ಟಿಯಿಂದ ಇದು ಒಣ ವಿಧಾನವೆನಿಸಬಹುದು. ಸತ್ತವರ ದೃಷ್ಟಿಯಿಂದ ಇದೇ ಹೆಚ್ಚಿನ ಗೌರವವೆಂದು ನಾನು ಬಗೆಯುತ್ತೇನೆ.

ಹಾಗೆಂದು ಕೊಂದವನ ಕಥನವೆಲ್ಲವೂ ಆತ್ಮರತಿಯೇ ಎನ್ನುವಂತಿಲ್ಲ. ಪೋನಿಗಿಂತ ಆರು ಶತಮಾನಗಳಿಗೂ ಹಿಂದೆ, 1209ರಲ್ಲಿ, ಹೊಯ್ಸಳರ ಆಸ್ಥಾನದ ಜನ್ನನು ‘ಯಶೋಧರ ಚರಿತೆ’ಯಲ್ಲಿ ಇಂಥ ನಿರೂಪಕನನ್ನು ಕನ್ನಡಕ್ಕೆ ಕೊಟ್ಟಿದ್ದಾನೆ. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಜೀವವಿರುವ ಪ್ರಾಣಿಯನ್ನೂ ಅಲ್ಲ, ಹಿಟ್ಟಿನ ಕೋಳಿಯನ್ನು. ಕತ್ತಿ ತಗುಲಿದೊಡನೆ ಅದು ಕೂಗಿತು. ಪೋನ ಬೆಕ್ಕಿನ ಕೂಗು ಕೊಂದವನನ್ನು ನೇಣಿಗೆ ಕಳುಹಿಸಿದರೆ, ಈ ಕೋಳಿಯ ಕೂಗು ತಾಯಿಮಗನನ್ನು ಜನ್ಮಜನ್ಮಾಂತರಗಳ ತಿರ್ಯಗ್ಯೋನಿಗಳಲ್ಲಿ ಅಲೆದಾಡಿಸಿತು; ಅಲ್ಲಿ ಅವರು ಬಾರಿಬಾರಿಗೂ ಕೊಲ್ಲಲ್ಪಡುವವರ ಜಾಗದಲ್ಲಿಯೇ ನಿಲ್ಲಬೇಕಾಯಿತು. ಕಡೆಗೆ ಅಭಯರುಚಿಯಾಗಿ ಹುಟ್ಟಿದವನು, ಚಂಡಮಾರಿಯ ಗುಡಿಯಲ್ಲಿ ತಂಗಿಯೊಡನೆ ತಾನೇ ಬಲಿಯಾಗಲಿರುವಾಗ, ಕತ್ತಿ ಹಿಡಿದು ನಿಂತ ಅರಸ ಮಾರಿದತ್ತನಿಗೆ ಈ ಕಥೆಯನ್ನು ಹೇಳುತ್ತಾನೆ, ಕತ್ತಿ ಕೆಳಗಿಳಿಯುತ್ತದೆ. ಪೋನ ನಿರೂಪಕನು ತನ್ನ ಹೊರೆ ಇಳಿಸಿಕೊಳ್ಳಲು ಬಾಯಿ ತೆರೆದನು; ಅಭಯರುಚಿಯ ಮಾತಿನಿಂದ ಮುಂದೆ ನಡೆಯಲಿದ್ದ ಬಲಿಯೊಂದು ತಪ್ಪಿತು.

ಪುಣೆಯ ಆ ಗುಂಪಿನಲ್ಲಿ ಉಳಿದ ನಾಲ್ವರಿಗೂ 1983ರ ನವೆಂಬರ್ 27ರಂದು ಯೆರವಡಾ ಕಾರಾಗೃಹದಲ್ಲಿ ಗಲ್ಲಾಯಿತು. ಅವರಲ್ಲಿ ಮುನವ್ವರ್ ಶಾ ಎಂಬವನು ಸೆರೆಮನೆಯಲ್ಲಿದ್ದಾಗ ‘ಯೆಸ್, ಐ ಆ್ಯಮ್ ಗಿಲ್ಟಿ’ ಎಂಬ ಆತ್ಮಕಥನವನ್ನು ಬರೆದನು. ಗಾಥಿಕ್ ಕಥೆಯ ನಿರೂಪಕನೇ ಮೈದಾಳಿ ಬಂದಂತಾಯಿತೆಂದು ಯಾರಿಗಾದರೂ ತೋರೀತು. ಅಂಥ ಪುಸ್ತಕವನ್ನು ಕೈಗೆತ್ತಿಕೊಂಡವರು ಪಶ್ಚಾತ್ತಾಪವು ನಿಜವೋ ನಟನೆಯೋ ಎಂಬ ಉತ್ತರವಿಲ್ಲದ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ, ಸತ್ತವರಿಗೆ ಅದರಲ್ಲಿ ಎಷ್ಟು ಪುಟಗಳು ಸಂದಿವೆಯೆಂದು ಎಣಿಸಿ ನೋಡುವುದು ಲೇಸು. ಆದರೆ ಈ ಲೆಕ್ಕವನ್ನು ಕೊಂದವನಿಂದ ಮಾತ್ರ ಕೇಳುವುದು ಸರಿಯಾಗದು. ಪತ್ರಿಕೆಗಳೂ ಜನರೂ ಈ ಪ್ರಕರಣವನ್ನು ಇಂದಿಗೂ ಜೋಶಿ–ಅಭ್ಯಂಕರ ಕೊಲೆಗಳೆಂದೇ ಕರೆಯುತ್ತಾರೆ. ಅಭ್ಯಂಕರರ ಮನೆಯಲ್ಲಿ ಕೆಲಸಕ್ಕಿದ್ದು ಅವರೊಡನೆಯೇ ಸತ್ತ ಸಕೂಬಾಯಿಗೂ, ಎಲ್ಲರಿಗಿಂತ ಮೊದಲು ಸತ್ತ ಹೋಟೆಲಿನವರ ಮಗನಿಗೂ ಆ ಹೆಸರಿನಲ್ಲಿ ಸ್ಥಳವಿಲ್ಲ.