ಸವೆದ ಡಾಲರಿನ ಪರವಾಗಿ



ಕಳೆದ ಬೇಸಗೆಯ ರಜೆಗೆ ನ್ಯೂಜೆರ್ಸಿಯಿಂದ ಬಂದಿದ್ದ ನನ್ನ ಸೋದರಳಿಯನು, ನನ್ನ ನಾಣ್ಯಸಂಗ್ರಹದ ಹವ್ಯಾಸವನ್ನು ಬಲ್ಲವನಾದ್ದರಿಂದ, ಒಂದು ಉಡುಗೊರೆಯನ್ನು ತಂದಿದ್ದನು. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಕವಚ; ಅದರೊಳಗೆ ಕಣ್ಣು ಕೋರೈಸುವಂತೆ ಹೊಳೆಯುವ 1884ನೇ ಇಸವಿಯ ಬೆಳ್ಳಿ ಡಾಲರು; ಮೇಲ್ಭಾಗದಲ್ಲಿ ‘ಎಂಎಸ್ 65’ ಎಂದು ಅಚ್ಚುಮಾಡಿದ ಚೀಟಿ. ಅದನ್ನು ಸಂತೋಷದಿಂದಲೇ ಸ್ವೀಕರಿಸಿದೆ. ಆದರೆ ನನ್ನ ಮೇಜಿನ ಡ್ರಾಯರಿನಲ್ಲಿದ್ದ ಹಳೆಯ ಡಾಲರನ್ನು ಕಂಡು ಅವನು ಆಡಿದ ಮಾತು ಮಾತ್ರ ನನಗೆ ಜೀರ್ಣವಾಗಲಿಲ್ಲ. “ಮಾವ, ಇದು ಪೂರ್ತಿ ಸವೆದುಹೋಗಿದೆ. ಬೆಳ್ಳಿಯ ಬೆಲೆ ಬಿಟ್ಟರೆ ಇದಕ್ಕೆ ಇನ್ನೇನೂ ಇಲ್ಲ. ಕರಗಿಸಿ ಅತ್ತೆಗೊಂದು ಕುಂಕುಮದ ಭರಣಿ ಮಾಡಿಸಿಕೊಡಿ” ಎಂದನು. ಊಟಕ್ಕೆ ಎಲೆ ಹಾಕಿದ್ದರು, ಸುಮ್ಮನಾದೆ. ಆ ದಿನ ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಅಮೆರಿಕನ್ ಡಾಲರುಗಳನ್ನು ಅವುಗಳ ಹೊಳಪಿನ ಅಂಕ ಮತ್ತು ಮುಂದೆ ಬರಬಹುದಾದ ಬೆಲೆಯನ್ನು ನೋಡಿ ಕೊಳ್ಳುವುದು ವ್ಯಾಪಾರವೇ ಹೊರತು ಹವ್ಯಾಸವಲ್ಲ. ನಾಣ್ಯವೆಂಬುದು ಕೈಯಿಂದ ಕೈಗೆ ಹೋಗಲೆಂದು ಹುಟ್ಟಿದ ವಸ್ತು. ಆ ಕೆಲಸವನ್ನು ಮಾಡಿ ಸವೆದ ನಾಣ್ಯವೇ ಸಂಗ್ರಾಹಕನ ಮೊದಲ ಗೌರವಕ್ಕೆ ಅರ್ಹವಾದುದು.

ನನ್ನ ಡ್ರಾಯರಿನ ಡಾಲರು 1881ನೇ ಇಸವಿಯದು, ನ್ಯೂ ಆರ್ಲಿಯನ್ಸ್ ಟಂಕಸಾಲೆಯದು. ಹದ್ದಿನ ಚಿತ್ರದ ಕೆಳಗೆ ‘ಓ’ ಎಂಬ ಪುಟ್ಟ ಅಕ್ಷರವಿರುವುದೇ ಅದರ ಗುರುತು. ಸ್ವಾತಂತ್ರ್ಯದೇವಿಯ ಕಿವಿಯ ಮೇಲಿನ ಕೂದಲಿನ ಎಳೆಗಳು ಅಳಿಸಿಹೋಗಿವೆ. ಹದ್ದಿನ ಎದೆಯ ಗರಿಗಳು ನುಣುಪಾಗಿವೆ. 1998ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ತನಗೆ ಬಂದ ಮೊದಲ ಸಂಬಳದಲ್ಲಿ ಕೊಂಡು, “ನೀವು ಇತಿಹಾಸ ಕಲಿಸಿದಿರಿ ಸಾರ್, ಒಂದು ಚೂರು ಇತಿಹಾಸ ಕಳಿಸಿದ್ದೇನೆ” ಎಂದು ಪತ್ರ ಬರೆದು ಕಳುಹಿಸಿದ್ದನು. ನಾನು ಮಾಡಿದ ಘನಕಾರ್ಯವೇನು ಗೊತ್ತೇ? ಅದು ಕಪ್ಪಾಗಿದೆಯೆಂದು ಹುಣಿಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದೆ! ದೇವರ ಮನೆಯ ದೀಪ ಬೆಳಗುವ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ನೂರು ವರ್ಷಕ್ಕೂ ಮೇಲ್ಪಟ್ಟು ಕೂಡಿದ ಬಣ್ಣ ಕಾಲು ಗಂಟೆಯಲ್ಲಿ ತೊಳೆದುಹೋಯಿತು. ಹಳೆಯ ನಾಣ್ಯವನ್ನು ಎಂದಿಗೂ ತಿಕ್ಕಬಾರದು, ತಿಕ್ಕಿದರೆ ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಇನ್ನು ಈ ಡಾಲರುಗಳು ಹುಟ್ಟಿದ ಬಗೆಯನ್ನು ನೋಡೋಣ. 1873ರ ಕಾಯಿದೆಯು ಅಮೆರಿಕದಲ್ಲಿ ಸಾಮಾನ್ಯ ಬೆಳ್ಳಿ ಡಾಲರಿನ ಟಂಕನೆಯನ್ನು ನಿಲ್ಲಿಸಿತು. ಅತ್ತ ನೆವಾಡಾ ಸೀಮೆಯ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯುತ್ತಿತ್ತು. ಗಣಿಯ ಒಡೆಯರ ಮತ್ತು ಸಾಲದಲ್ಲಿ ಮುಳುಗಿದ್ದ ರೈತರ ಒತ್ತಾಯದಿಂದ, ಅಧ್ಯಕ್ಷ ಹೇಯ್ಸ್ ಅವರ ನಿರಾಕರಣೆಯನ್ನೂ ಮೀರಿ, 1878ರಲ್ಲಿ ಬ್ಲಾಂಡ್–ಆಲಿಸನ್ ಕಾಯಿದೆ ಜಾರಿಗೆ ಬಂದಿತು. ಸರ್ಕಾರವು ತಿಂಗಳಿಗೆ 20 ಲಕ್ಷದಿಂದ 40 ಲಕ್ಷ ಡಾಲರಿನಷ್ಟು ಬೆಳ್ಳಿಯನ್ನು ಕೊಂಡು ನಾಣ್ಯ ಹಾಕಬೇಕೆಂಬುದೇ ಅದರ ಸಾರ. ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ಮಾರ್ಗನ್ ಎಂಬ ಕಲಾವಿದನು ಅಚ್ಚನ್ನು ರೂಪಿಸಿದ್ದರಿಂದ ಅದಕ್ಕೆ ಮಾರ್ಗನ್ ಡಾಲರೆಂಬ ಹೆಸರು ನಿಂತಿತು. 26.73 ಗ್ರಾಂ ತೂಕ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದುದು ತಾಮ್ರ. ಅದರ ಮೇಲಿನ ಮುಖ ಫಿಲಡೆಲ್ಫಿಯಾದ ಅನ್ನಾ ವಿಲಿಯಮ್ಸ್ ಎಂಬಾಕೆಯದು. ಆಕೆ ಶಾಲಾ ಶಿಕ್ಷಕಿ! ಕೋಟಿ ಕೋಟಿ ನಾಣ್ಯಗಳ ಮೇಲೆ ತನ್ನ ಮುಖವಿದ್ದರೂ ಆ ಪ್ರಸಿದ್ಧಿಯನ್ನು ಬಯಸದೆ ಪಾಠ ಹೇಳಿಕೊಂಡೇ ಇದ್ದವಳು. ನಮ್ಮ ವೃತ್ತಿಯವರಿಗೆ ಈ ಡಾಲರಿನ ಮೇಲೆ ತುಸು ಹೆಚ್ಚಿನ ಅಭಿಮಾನವಿದ್ದರೆ ಯಾರೂ ತಪ್ಪು ತಿಳಿಯಬಾರದು.

ಆದರೆ ಅಚ್ಚಾದ ಡಾಲರುಗಳೆಲ್ಲ ಜನರ ಕೈ ಸೇರಲಿಲ್ಲ. ಪೂರ್ವದ ನಗರಗಳವರು ಆ ಭಾರವನ್ನು ಹೊರಲೊಲ್ಲದೆ ಕಾಗದದ ಬೆಳ್ಳಿ ಪತ್ರಗಳನ್ನೇ ಬಳಸಿದರು. ಡಾಲರುಗಳು ಸಾವಿರ ಸಾವಿರದ ಚೀಲಗಳಲ್ಲಿ ಖಜಾನೆಯ ಕತ್ತಲೆಯಲ್ಲಿ ಕುಳಿತವು. 1884ರಲ್ಲಿ ನೆವಾಡಾದ ಕಾರ್ಸನ್ ಸಿಟಿಯಲ್ಲಿ ಅಚ್ಚಾದವು 11,36,000. ಅವುಗಳಲ್ಲಿ 9,60,000ಕ್ಕೂ ಹೆಚ್ಚು ಡಾಲರುಗಳು 1970ರ ದಶಕದಲ್ಲಿಯೂ ಸರ್ಕಾರದ ಖಜಾನೆಯಲ್ಲೇ ಇದ್ದವು. 1972ರಿಂದ 1980ರವರೆಗೆ ಸರ್ಕಾರವೇ ಅವನ್ನು ಸಾರ್ವಜನಿಕರಿಗೆ ಮಾರಿತು. ಸುಮಾರು ತೊಂಬತ್ತು ವರ್ಷ ಆ ನಾಣ್ಯಗಳು ಒಂದು ಲೋಟ ಕಾಫಿಯನ್ನೂ ಕೊಂಡಿರಲಿಲ್ಲ. ಇಂದು ಹೊಳೆಯುವ ಡಾಲರೆಂದು ನಾವು ಮೆಚ್ಚುವುದರಲ್ಲಿ ಬಹುಪಾಲು ಇಂತಹ ಖಜಾನೆಯ ಕೂಸುಗಳೇ.

‘ಎಂಎಸ್’ ಎಂದರೆ ಟಂಕಸಾಲೆಯಿಂದ ಹೊರಬಂದ ಸ್ಥಿತಿ, ಅಂದರೆ ಬಳಕೆಗೇ ಬಾರದ ನಾಣ್ಯ ಎಂದರ್ಥ. ವಿಲಿಯಂ ಶೆಲ್ಡನ್ ಎಂಬಾತನು 1949ರಲ್ಲಿ ಅಮೆರಿಕದ ದೊಡ್ಡ ತಾಮ್ರದ ಸೆಂಟುಗಳಿಗೆಂದು ಮಾಡಿದ 70 ಅಂಕಗಳ ಅಳತೆಯನ್ನು ಮುಂದೆ ಎಲ್ಲ ನಾಣ್ಯಗಳಿಗೂ ಹಚ್ಚಿದರು. 1980ರ ದಶಕದಲ್ಲಿ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ಹುಟ್ಟಿದವು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರ ಪತ್ರಿಕೆಗಳನ್ನು ತಿದ್ದಿದವನು ನಾನು. 64 ಅಂಕಕ್ಕೂ 65 ಅಂಕಕ್ಕೂ ಇರುವ ಅಂತರ ಎಷ್ಟು ಗಟ್ಟಿಯಾದುದೆಂದು ನನಗೆ ಚೆನ್ನಾಗಿ ಗೊತ್ತು! ಅದೇ ಉತ್ತರ ಪತ್ರಿಕೆಯನ್ನು ಬೆಳಗ್ಗೆ ತಿದ್ದಿದರೆ ಒಂದು ಅಂಕ, ಸಂಜೆ ದಣಿದಾಗ ತಿದ್ದಿದರೆ ಇನ್ನೊಂದು. ಬರಿಗಣ್ಣಿಗೆ ತಿಳಿಯದ ಆ ಒಂದು ಅಂಕಕ್ಕಾಗಿ, ಅಪರೂಪದ ಇಸವಿಗಳಲ್ಲಿ, ಜನರು ಸಾವಿರಾರು ಡಾಲರು ಹೆಚ್ಚಿಗೆ ತೆರುತ್ತಾರೆ. ಮತ್ತೆ, ಮುಚ್ಚಿದ ನಾಣ್ಯವನ್ನು ಯಾರೂ ಮುಟ್ಟುವಂತಿಲ್ಲ. ಅಂಚಿನ ಗೆರೆಗಳನ್ನು ಬೆರಳಿನಿಂದ ಸವರಿ, ಮೇಜಿನ ಮೇಲೆ ಬೀಳಿಸಿ ಅದರ ದನಿ ಕೇಳಿದ ಮಗು ಬೆಳ್ಳಿಯೆಂದರೇನೆಂದು ಕಲಿಯುತ್ತದೆ. ಚೀಟಿಯನ್ನು ಓದಿದ ಮಗು ಬೆಲೆಯನ್ನಷ್ಟೇ ಕಲಿಯುತ್ತದೆ.

ಬೆಲೆಯಾದರೂ ನಂಬಿಕೆಗೆ ಅರ್ಹವೇ? 1903ರ ನ್ಯೂ ಆರ್ಲಿಯನ್ಸ್ ಡಾಲರು ಅತಿ ವಿರಳವೆಂದು ಪ್ರಸಿದ್ಧವಾಗಿತ್ತು. ಹೊಸದರಂತಿರುವ ಒಂದಕ್ಕೆ 1500 ಡಾಲರೆಂದು ಬೆಲೆಪುಸ್ತಕ ಹೇಳುತ್ತಿತ್ತು. 1962ರ ಕೊನೆಯಲ್ಲಿ ಖಜಾನೆಯಿಂದ ಆ ಇಸವಿಯ ಚೀಲಗಳು ಹೊರಬಂದದ್ದೇ ತಡ, ಬೆಲೆ ಪಾತಾಳಕ್ಕಿಳಿಯಿತು. ಬೆಲೆಗಾಗಿ ಕೊಂಡವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಪ್ರೀತಿಗಾಗಿ ಕೊಂಡವರ ಬಳಿ ಹಿಂದಿನ ದಿನ ಇದ್ದ ನಾಣ್ಯವೇ ಮರುದಿನವೂ ಇತ್ತು.

ಈಗ ಕರಗಿಸುವ ಮಾತಿಗೆ ಬರುತ್ತೇನೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಬೆಳ್ಳಿಯ ರೂಪಾಯಿಗೆ ತೀವ್ರ ಕೊರತೆಯುಂಟಾಯಿತು. ನೋಟನ್ನು ಹಿಡಿದು ಬಂದವರಿಗೆ ಬೆಳ್ಳಿ ಕೊಡುತ್ತೇವೆಂಬ ಸರ್ಕಾರದ ಮಾತು 1918ರ ವಸಂತಕಾಲದಲ್ಲಿ ಮುರಿದುಬೀಳುವ ಹಂತಕ್ಕೆ ಬಂದಿತು. ಬ್ರಿಟಿಷರು ಅಮೆರಿಕದ ಮೊರೆಹೊಕ್ಕರು. 1918ರ ಏಪ್ರಿಲಿನ ಪಿಟ್‌ಮನ್ ಕಾಯಿದೆಯಂತೆ ಅಮೆರಿಕವು ಖಜಾನೆಯಲ್ಲಿದ್ದ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಭಾರತಕ್ಕಾಗಿ ಬ್ರಿಟನ್ನಿಗೆ ಮಾರಾಟವಾಗಿ, ಇಲ್ಲಿ ಐದನೆಯ ಜಾರ್ಜ್ ದೊರೆಯ ಮುಖದ ರೂಪಾಯಿಯಾಯಿತು. ಲೆಕ್ಕ ಹಾಕಿ ನೋಡಿ: ಒಂದು ಡಾಲರಿನ ಅಪ್ಪಟ ಬೆಳ್ಳಿಯಿಂದ ಎರಡೂಕಾಲು ರೂಪಾಯಿ. ಯಾವ ಇಸವಿಯ ಎಷ್ಟು ಡಾಲರುಗಳು ಕರಗಿದವೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಆದುದರಿಂದ ಇಂದಿಗೂ ಟಂಕಸಾಲೆಯ ಲೆಕ್ಕದಿಂದ ಉಳಿದವೆಷ್ಟೆಂದು ಹೇಳಲಾಗದು. ಕರಗಿದ್ದನ್ನು ತುಂಬಿಕೊಡಲೆಂದೇ 1921ರಲ್ಲಿ ಮಾರ್ಗನ್ ಡಾಲರು ಮರುಹುಟ್ಟು ಪಡೆದು, ಆ ಒಂದೇ ವರ್ಷದಲ್ಲಿ 8 ಕೋಟಿಗೂ ಹೆಚ್ಚು ಅಚ್ಚಾಯಿತು.

ನಮ್ಮ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ 1918 ಮತ್ತು 1919ರ ರೂಪಾಯಿಗಳು ಒಂದು ಚೀಲದ ತುಂಬ ಇದ್ದವು. 1982ರಲ್ಲಿ ನನ್ನ ತಂಗಿಯ ಮದುವೆಗೆ ಅವನ್ನು ಅಕ್ಕಸಾಲಿಗರಲ್ಲಿಗೆ ಹೊತ್ತುಕೊಂಡು ಹೋದವನು ನಾನೇ. ಮೂಸೆಯಲ್ಲಿ ದೊರೆಯ ಮುಖ ಒಂದೊಂದಾಗಿ ಕುಸಿಯುವುದನ್ನು ಎದುರಿಗೆ ಕುಳಿತು ನೋಡಿದೆ, ಏನೂ ಅನ್ನಿಸಲಿಲ್ಲ. ಆ ಬೆಳ್ಳಿಯ ತಟ್ಟೆ ಈಗ ನ್ಯೂಜೆರ್ಸಿಯಲ್ಲಿ, ನನಗೆ ಭರಣಿಯ ಸಲಹೆ ಕೊಟ್ಟ ಅಳಿಯನ ದೇವರ ಮನೆಯಲ್ಲಿದೆ. ನೆವಾಡಾದ ಗಣಿಯಿಂದ ಡಾಲರಾಗಿ, ಡಾಲರಿನಿಂದ ರೂಪಾಯಿಯಾಗಿ, ರೂಪಾಯಿಯಿಂದ ತಟ್ಟೆಯಾಗಿ ಆ ಬೆಳ್ಳಿ ಹುಟ್ಟಿದ ದೇಶಕ್ಕೇ ಮರಳಿರಬಹುದು. ಆದರೆ ತಟ್ಟೆಯು ಈ ಕಥೆಯನ್ನು ಹೇಳಲಾರದು. ಇಸವಿಯನ್ನು ಹೊತ್ತ ನಾಣ್ಯ ಮಾತ್ರ ಹೇಳಬಲ್ಲದು.

ಎದುರು ಪಕ್ಷದವರ ಒಂದು ಮಾತನ್ನು ಒಪ್ಪಬೇಕು. ನಕಲಿ ನಾಣ್ಯಗಳ ಹಾವಳಿ ದೊಡ್ಡದು. 1893ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರು ಅಚ್ಚಾದದ್ದು ಒಂದು ಲಕ್ಷ ಮಾತ್ರ. ಬೇರೆ ನಾಣ್ಯಕ್ಕೆ ‘ಎಸ್’ ಅಕ್ಷರ ಅಂಟಿಸಿ ಅದರ ಹೆಸರಿನಲ್ಲಿ ಮಾರುವವರಿದ್ದಾರೆ. ಅಂತಹ ದುಬಾರಿ ನಾಣ್ಯಕ್ಕೆ ತಜ್ಞರ ಮುದ್ರೆ ಅವಶ್ಯ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಸಾಧಾರಣ ಇಸವಿಯ ಸವೆದ ಡಾಲರಿಗೆ ಒಂದು ಒಳ್ಳೆಯ ತಕ್ಕಡಿ, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ ಮತ್ತು ನಂಬಿಕಸ್ತ ವ್ಯಾಪಾರಿ ಇದ್ದರೆ ಬಹುಮಟ್ಟಿಗೆ ಸಾಕು.

ಆದ್ದರಿಂದ ನನ್ನ ಅಮೆರಿಕದ ಶಿಷ್ಯರಲ್ಲಿ ಅರಿಕೆ. ಮೇಷ್ಟ್ರಿಗೆ ಏನಾದರೂ ತರಲೇಬೇಕೆಂದಿದ್ದರೆ ಪ್ಲಾಸ್ಟಿಕ್ಕಿನ ಅಂಕಪಟ್ಟಿ ಬೇಡ. ಯಾವನೋ ಗಣಿ ಕೆಲಸಗಾರನ ಜೇಬಿನಲ್ಲಿ ಸವೆದಿರಬಹುದಾದ ಒಂದು ಡಾಲರನ್ನು ತನ್ನಿ. ಊರಿನಲ್ಲಿರುವ ಬಂಧುಗಳಲ್ಲಿ ಮತ್ತೊಂದು ಅರಿಕೆ. ಮನೆಯ ಹಿರಿಯರ ಬೆಳ್ಳಿ ರೂಪಾಯಿಗಳನ್ನು ಮೂಸೆಗೆ ಹಾಕುವ ಮುನ್ನ ಇಸವಿಯನ್ನಾದರೂ ಓದಿ, ಒಂದೆರಡನ್ನಾದರೂ ಉಳಿಸಿ. ಮತ್ತು ದಯವಿಟ್ಟು ಹುಣಿಸೆಹಣ್ಣು ಹಾಕಬೇಡಿ!

ಅಳಿಯನು ತಂದ ‘ಎಂಎಸ್ 65’ ಬೀರುವಿನಲ್ಲಿ ಭದ್ರವಾಗಿದೆ; ಅದು ಅವನ ಪ್ರೀತಿಯ ಗುರುತು, ಅದಕ್ಕೆ ಕೊರತೆ ಮಾಡುವುದಿಲ್ಲ. ಸವೆದ ಡಾಲರು ಮೇಜಿನ ಡ್ರಾಯರಿನಲ್ಲೇ ಇದೆ. ಮನೆಗೆ ಬಂದ ಮಕ್ಕಳು ಯಾರು ಬೇಕಾದರೂ ಕೈಯಲ್ಲಿ ಹಿಡಿದು ನೋಡಬಹುದು.