ಮಗುವಿನ ಬಾಯಿ ಮುಚ್ಚಿಸಬೇಡಿ

ಬಸ್ಸಿನಲ್ಲಿ ಎದುರು ಸೀಟಿಗೆ ಆಫ್ರಿಕಾದ ವಿದ್ಯಾರ್ಥಿಯೊಬ್ಬ ಬಂದು ಕೂತರೆ ನಮ್ಮ ಮಕ್ಕಳು ಗಟ್ಟಿಯಾಗಿಯೇ ಕೇಳಿಬಿಡುತ್ತವೆ: "ಅಮ್ಮಾ, ಆ ಅಂಕಲ್ ಯಾಕೆ ಅಷ್ಟು ಕಪ್ಪು?" ನಾವು ತೊಡೆ ಚಿವುಟಿ "ಶ್, ಸುಮ್ನಿರು" ಎನ್ನುತ್ತೇವೆ. ಮರ್ಯಾದೆ ಕಲಿಸಿದೆವೆಂದು ನಮ್ಮ ಎಣಿಕೆ. ಕಪ್ಪು ಅಂದರೆ ಬಾಯಿಬಿಟ್ಟು ಹೇಳಬಾರದ್ದೇನೋ ಎಂದು ಮಗು ಕಲಿತಿರುತ್ತದೆ.

ಇಂಥ ಪಾಠ ಎಳೆಯ ಮನಸ್ಸಿಗೆ ಎಷ್ಟು ಬೇಗ ಇಳಿಯುತ್ತದೆ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ 1940ರ ಸುಮಾರಿಗೆ ಕಪ್ಪು ಜನಾಂಗದ 3ರಿಂದ 7 ವರ್ಷದ ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಬಣ್ಣವೊಂದು ಬಿಟ್ಟರೆ ಎಲ್ಲ ಒಂದೇ ಥರ. ಚೆಂದದ್ದು ಯಾವುದು ಎಂದಾಗ ಹೆಚ್ಚಿನವು ಬಿಳಿ ಗೊಂಬೆ ತೋರಿಸಿದವು, ಕೆಟ್ಟದ್ದು ಎಂದಾಗ ಕಂದು. "ನಿನ್ನ ಹಾಗಿರುವುದು ಯಾವುದು?" ಎಂದು ಕೇಳಿದ್ದಕ್ಕೆ ಕೆಲವು ಅಳುತ್ತಾ ಎದ್ದು ಹೋದವು.

ಅದು ಅಮೆರಿಕದ ಕಥೆ, ನಮ್ಮಲ್ಲಿ ಅಂಥದ್ದಿಲ್ಲ ಎನ್ನಬೇಡಿ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ವಂಶಸ್ಥರು ಯಲ್ಲಾಪುರ, ಹಳಿಯಾಳದ ಕಡೆ ತಲೆತಲಾಂತರದಿಂದ ಬದುಕುತ್ತಿದ್ದಾರೆ. ಸಿದ್ದಿಗಳು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಹುಡುಗನೊಬ್ಬ ಬೆಂಗಳೂರಿಗೆ ಬಂದರೆ ಯಾವ ದೇಶ ಎಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತೇವೆ. ಅವನು ಕನ್ನಡದಲ್ಲಿ ಉತ್ತರಿಸಿದರೆ, "ಅಬ್ಬಾ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಹೊಗಳಿಕೆಯೇ, ಒಪ್ಪಿದೆ. ಸ್ವಂತ ನಾಡಿನಲ್ಲಿ ಅದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವವನಿಗೆ ಮಾತ್ರ ಅದು ನೀನು ಹೊರಗಿನವನು ಎಂದ ಹಾಗೆಯೇ.

2016ರ ಜನವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಮಹಿಳೆಯೊಬ್ಬರ ಮೇಲೆ ಹರಿಯಿತು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಥಳಿಸಿ, ಅವಳಿದ್ದ ಕಾರಿಗೆ ಬೆಂಕಿಯಿಟ್ಟರು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಮೈಬಣ್ಣವೊಂದೇ ಸಾಕಾಯಿತು.

ದಯವಿಟ್ಟು ಮಕ್ಕಳ ಪ್ರಶ್ನೆಗೆ ಉತ್ತರ ಕೊಡಿ. ಚರ್ಮದಲ್ಲಿ ಮೆಲನಿನ್ ಅಂತಿದೆ, ಅವರಿಗೆ ಜಾಸ್ತಿ, ನಿನಗೆ ಸ್ವಲ್ಪ ಕಡಿಮೆ ಎಂದರೆ ಮುಗಿಯಿತು. ಬೇಕಿದ್ದರೆ ಸಿದ್ದಿಗಳ ಕಥೆಯನ್ನೂ ಹೇಳಿ. ಮೇಷ್ಟ್ರೇ, ಟೀಚರೇ, ಮಣಿಪುರದ ಹುಡುಗಿಯನ್ನು ಯಾರಾದರೂ "ಚಿಂಕಿ" ಎಂದರೆ "ಜಗಳ ಆಡಬೇಡ್ರೋ" ಎಂದು ತೇಲಿಸಬೇಡಿ. ಅದು ಜನಾಂಗ ಹಿಡಿದು ಬೈದ ಬೈಗುಳ ಎಂದು ತರಗತಿಯಲ್ಲೇ ಹೇಳಿ. ಮನೆಯಲ್ಲಿ ಸಂಬಂಧ ನೋಡುವಾಗ "ಹುಡುಗಿ ಲಕ್ಷಣ, ಬಣ್ಣ ಮಾತ್ರ ಸ್ವಲ್ಪ ಕಡಿಮೆ" ಎಂದವರು ಅಜ್ಜಿಯೇ ಆಗಲಿ, ಸೋದರತ್ತೆಯೇ ಆಗಲಿ, ಮಕ್ಕಳ ಎದುರಿಗೇ ತಡೆದು ಕೇಳಿ.