ಮಧುಗಿರಿ ಬೆಟ್ಟ ಹತ್ತಿದ್ದಾಯ್ತು, ಆ ಅಪ್ಪನ ಕೂಲಿ ಯಾರು ಕೊಡ್ತಾರೆ?



ಮೊನ್ನೆ ಭಾನುವಾರ ಮಧುಗಿರಿ ಬೆಟ್ಟದ ಫೋಟೊ ಹಾಕಿದ್ದೆ. ಕ್ಯಾನ್ಸರ್, ಥಲಸ್ಸೀಮಿಯಾದಂಥ ದೊಡ್ಡ ಕಾಯಿಲೆ ಇರೋ ಮಕ್ಕಳಿಗೋಸ್ಕರ ಹಣ ಕೂಡಿಸುವ ಚಾರಣ ಅದು. ಪ್ರತಿಯೊಬ್ಬರೂ ಗುರುತಿನವರ ಹತ್ರ ಕೇಳಿ ಹಣ ತರಬೇಕು, ಆಮೇಲೆ ಎಲ್ಲ ಸೇರಿ ಬೆಟ್ಟ ಹತ್ತಬೇಕು. ನನ್ನ ಕಡೆಯಿಂದ 11,400 ರೂಪಾಯಿ ಆಯ್ತು. ನಮ್ಮ ಆಫೀಸಿನ ಡಿ ಗ್ರೂಪ್ ನೌಕರರು ಕೊಟ್ಟಿದ್ದೇ ಅದರಲ್ಲಿ ಜಾಸ್ತಿ. ಸಾಹೇಬ್ರು ನೂರು ರೂಪಾಯಿ ಕೊಟ್ಟು ರಸೀದಿ ಕೇಳಿದ್ರು, ಇರಲಿ.

ಫೋಟೊ ನೋಡಿ ಇಬ್ಬರು ಸಂಗಾತಿಗಳು ಕೇಳಿದ್ದಾರೆ: "ಅಣ್ಣಾ, ನೀವೂ ದಾನ-ಧರ್ಮದ ಕಡೆ ಹೋದ್ರಾ? ಹಕ್ಕು ಅಂತ ಭಾಷಣ ಮಾಡ್ತಿದ್ರಲ್ಲ?" ಪ್ರಶ್ನೆ ಸರಿಯಾಗೇ ಇದೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಪಾವಗಡ ಕಡೆಯ ಒಂದು ಕುಟುಂಬ ನನಗೆ ಗೊತ್ತು. ಹೆಸರು, ಊರು ಬರೆಯಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಎಂಟು ವರ್ಷದ ಹುಡುಗನಿಗೆ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಬರೋ ಈ ಬಗೆಯದ್ದು ವಾಸಿಯಾಗೋ ಕಾಯಿಲೆ, ಆದ್ರೆ ಎರಡರಿಂದ ಮೂರು ವರ್ಷ ಬಿಡದೆ ಔಷಧಿ ಆಗಬೇಕು. ಬಿಪಿಎಲ್ ಕಾರ್ಡ್ ಇರೋದ್ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಕೀಮೋ ಖರ್ಚು ಅದರಲ್ಲೇ ನಡೀತಾ ಇದೆ. ಹಾಗಿದ್ರೂ ಆರನೇ ತಿಂಗಳಿಗೆ ಆ ಅಪ್ಪ "ಇನ್ನು ಕರ್ಕೊಂಡು ಹೋಗಕ್ಕಾಗಲ್ಲ ಸಾರ್" ಅಂತ ಕೂತುಬಿಟ್ಟಿದ್ದ.

ಯಾಕೆ? ಅಲ್ಲಿಂದ ಬೆಂಗಳೂರು ಹತ್ತಿರತ್ತಿರ 150 ಕಿಲೋಮೀಟರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ತಾಯಿಗೆ ಬಸ್ಸು ಫ್ರೀ. ಅಪ್ಪನಿಗೆ ಫುಲ್ ಟಿಕೆಟ್, ಹುಡುಗನಿಗೆ ಅರ್ಧ. ಕೀಮೋ ಆದ ಮಗುಗೆ ಸೋಂಕು ಬೇಗ ತಗಲುತ್ತೆ, ರಶ್ ಬಸ್ಸಲ್ಲಿ ಕೂರಿಸಬಾರದು ಅಂತಾರೆ ಡಾಕ್ಟ್ರು. ಆಟೋ, ಕಾರು ಮಾಡಕ್ಕೆ ದುಡ್ಡೆಲ್ಲಿ? ಬೆಳಿಗ್ಗೆ ರಕ್ತ ಪರೀಕ್ಷೆ, ಮಧ್ಯಾಹ್ನ ರಿಪೋರ್ಟು, "ಕೌಂಟ್ ಕಮ್ಮಿ ಇದೆ, ನಾಡಿದ್ದು ಬನ್ನಿ" ಅಂದ್ರೆ ರಾತ್ರಿ ಮಲಗೋದೆಲ್ಲಿ? ಪ್ಲೇಟ್‌ಲೆಟ್ ಬೇಕು ಅಂದ್ರೆ ದಾನಿಯನ್ನ ಹುಡುಕಬೇಕು. ಅದು ತೆಗೆದಿಟ್ರೂ ಐದು ದಿನಕ್ಕಿಂತ ಹೆಚ್ಚು ಇರಲ್ಲ. ಗೊತ್ತಿಲ್ಲದ ಊರಲ್ಲಿ ಕೂಲಿಯವನಿಗೆ ಯಾರು ರಕ್ತ ಕೊಡ್ತಾರೆ?

ಇದರ ಮೇಲೆ ಕೂಲಿ ನಷ್ಟ. 2025-26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳಲ್ಲಿ ಹತ್ತು ದಿನ ಗಂಡ-ಹೆಂಡ್ತಿ ಇಬ್ಬರೂ ಆಸ್ಪತ್ರೆಯಲ್ಲಿದ್ರೆ ಅದೇ ಲೆಕ್ಕದಲ್ಲಿ 7,400 ಹೋಯ್ತು. ಮನೇಲಿ ಇನ್ನೆರಡು ಮಕ್ಕಳು, ಒಂದು ಮುದುಕಿ. ಇದಕ್ಕೆ ಯಾವ ಕಾರ್ಡೂ ಇಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30ಕ್ಕಿಂತ ಕಮ್ಮಿ. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೆಕ್ಕ. ಅದಕ್ಕೆ ಅವರು ಕೊಡೋ ಕಾರಣಗಳಲ್ಲಿ ಒಂದು, ಚಿಕಿತ್ಸೆ ಅರ್ಧಕ್ಕೇ ಬಿಡೋದು. "ಅವರಿಗೆ ತಿಳುವಳಿಕೆ ಇಲ್ಲ, ಬಿಟ್ಟುಬಿಡ್ತಾರೆ" ಅಂತ ಎಸಿ ರೂಮಲ್ಲಿ ಕೂತು ಹೇಳೋರನ್ನ ನಾನು ಕಿವಿಯಾರೆ ಕೇಳಿದ್ದೀನಿ. ಆ ಅಪ್ಪನಿಗೆ ತನ್ನ ಮಗನ ಬಿಳಿ ರಕ್ತಕಣದ ಲೆಕ್ಕ ಬಾಯಿಪಾಠ ಇತ್ತು ಸ್ವಾಮಿ.

ಚಾರಣದ ದುಡ್ಡು ಇಂಥ ಕಡೆ ಹೋಗಬೇಕು ಅಂತ ನಾನು ಮೊದಲೇ ಕೇಳಿದ್ದೆ, ಒಪ್ಪಿದ್ರು: ಬಸ್ ಚಾರ್ಜು, ರೂಮ್ ಬಾಡಿಗೆ, ಊಟ. ಅದಕ್ಕೇ ಹೋದೆ, ಕಂಬಿ ಹಿಡ್ಕೊಂಡು ಏದುಸಿರು ಬಿಡ್ತಾ ತುದಿವರೆಗೂ ಹತ್ತಿದೆ. ಇನ್ನೊಂದ್ಸಲ ಕರೆದ್ರೂ ಹೋಗ್ತೀನಿ. ಆದ್ರೆ ಬೆಟ್ಟದ ಬುಡದಲ್ಲಿ ಕಟ್ಟಿದ್ದ ಫ್ಲೆಕ್ಸು ನನಗೆ ಹಿಡಿಸಲಿಲ್ಲ. ಕೂದಲು ಉದುರಿದ ಒಂದು ಹೆಣ್ಣು ಮಗು, ಹೆಸರು, ಊರು, "ಈಕೆಗೆ ನಿಮ್ಮ ಕರುಣೆ ಬೇಕು" ಅಂತ. ನಾಳೆ ಆ ಹುಡುಗಿ ವಾಸಿಯಾಗಿ ಶಾಲೆಗೆ ಹೋಗಲ್ವಾ? ಅದೇ ಊರಲ್ಲಿ ತಲೆಯೆತ್ತಿ ಬಾಳಬೇಡ್ವಾ? ಆ ಪಾವಗಡದ ಹುಡುಗನ ಹೆಸರು ನಾನು ಬರೆಯದೆ ಇರೋದು ಇದಕ್ಕೇ. ಕೊಡೋನ ಕೈ ಮೇಲೆ, ಇಸ್ಕೊಳ್ಳೋನ ಕೈ ಕೆಳಗೆ ಅನ್ನೋದನ್ನ ನಮ್ಮ ಅಜ್ಜ-ಅಜ್ಜಿಯರು ಬೊಗಸೆಗೆ ಮೇಲಿಂದ ನೀರು ಹೊಯ್ಯಿಸ್ಕೊಂಡು ಕಲ್ತಿದ್ದಾರೆ. ನಮಗೆ ಮತ್ತೆ ಆ ಪಾಠ ಬೇಡ.

ಬಾಬಾಸಾಹೇಬರು, ರಮಾಬಾಯಿ ತಾಯಿ ನಾಲ್ಕು ಮಕ್ಕಳನ್ನ ಕಳ್ಕೊಂಡವರು. ಗಂಗಾಧರ, ರಮೇಶ, ಇಂದು, ರಾಜರತ್ನ. ಉಳಿದಿದ್ದು ಯಶವಂತ ಒಬ್ಬರೇ. ರಾಜರತ್ನ ತೀರಿಕೊಂಡಿದ್ದು 1926ರಲ್ಲಿ. ಮರುವರ್ಷ ಮಾರ್ಚ್ 20ಕ್ಕೆ ಮಹಾಡ್‌ನಲ್ಲಿ ಸಾವಿರಾರು ಜನರ ಜೊತೆ ಚೌದಾರ್ ಕೆರೆಗೆ ನಡೆದರು. ಮಗ ಹೋದ ಮೇಲಿನ ಆ ನಡಿಗೆ ಯಾರ ಕರುಣೆ ಕೇಳೋದಕ್ಕೂ ಅಲ್ಲ.

ಹಾಗಾದ್ರೆ ಸರ್ಕಾರದ ಹತ್ರ ಏನು ಕೇಳಬೇಕು? ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ನೇರ ಖಾತೆಗೆ ಬರ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಯ್ತು. ಅಂದ್ರೆ ಔಷಧಿ ಜೊತೆ ಹೊಟ್ಟೆಗೂ ಬೇಕು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಕ್ಯಾನ್ಸರ್, ಥಲಸ್ಸೀಮಿಯಾ ಮಕ್ಕಳ ತಂದೆ-ತಾಯಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ, ಅಪ್ಪನಿಗೂ ಬಸ್ ಪಾಸು, ಆಸ್ಪತ್ರೆ ಹತ್ರ ತಂಗೋ ಜಾಗ, ಇಷ್ಟು ಯಾಕೆ ಆಗಲ್ಲ? ಹಣ ಎಲ್ಲಿದೆ ಅಂತಾರೆ. ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನ ಬಜೆಟ್‌ನಲ್ಲಿ ಇಡಬೇಕು ಅಂತ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ನಮ್ಮ ಮಕ್ಕಳಿಗೆ ಅಲ್ಲಿಂದ ಶುರು ಮಾಡಲಿ, ಉಳಿದ ಬಡ ಮಕ್ಕಳಿಗೆ ಆರೋಗ್ಯ ಇಲಾಖೆಯಿಂದ ಕೊಡಲಿ.

ಮನವಿ ಪತ್ರದ ಕರಡು ಬರೆದಿಟ್ಟಿದ್ದೀನಿ. ಗುಮಾಸ್ತನ ಕೆಲಸ, ಅಷ್ಟಾದ್ರೂ ಬರುತ್ತೆ. ಜಿಲ್ಲಾಧಿಕಾರಿಗಳಿಗೆ ಕೊಡೋ ದಿನ ತಿಳಿಸ್ತೀನಿ. ಅಲ್ಲಿವರೆಗೆ ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ ಮಗು ಎತ್ಕೊಂಡು ಆಸ್ಪತ್ರೆಗೆ ಓಡಾಡೋರು ಇದ್ರೆ ಬಸ್ ಟಿಕೆಟ್ ಬಿಸಾಕಬೇಡಿ ಅಂತ ಹೇಳಿ. ತಾಯಂದಿರ ಸೊನ್ನೆ ರೂಪಾಯಿ ಟಿಕೆಟ್ಟೂ ಇಟ್ಕೊಳ್ಳಲಿ, ಅದರಲ್ಲೂ ತಾರೀಖು ಇರುತ್ತೆ. ಎಲ್ಲ ಜೋಡಿಸಿ, ಪಿನ್ ಹೊಡೆದು, ಮನವಿ ಜೊತೆ ಲಗತ್ತಿಸೋಣ.